ತುದಿ ಕೆರೆಯದ ತಂತಿ

ಇಂಥ ಅನುಭವಗಳನ್ನು ಬರೆಯುವವರ ಬಗ್ಗೆ ನನಗೆ ಗೌರವವಿರಲಿಲ್ಲ. ಈಗಲೂ ಅಷ್ಟಾಗಿ ಇಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತು ಅಭ್ಯಾಸವಾದವಳು ನಾನು. ಮದುವೆ ಮನೆಯಲ್ಲಿ ಯಾರಾದರೂ "ನಮ್ಮ ಚಿಕ್ಕಪ್ಪ ಕಣ್ಣಾರೆ ಕಂಡಿದ್ದು" ಎಂದು ಶುರು ಮಾಡಿದರೆ, ಎಷ್ಟು ಬೆಳಕಿತ್ತು, ಎಷ್ಟು ದೂರವಿತ್ತು, ಚಿಕ್ಕಪ್ಪ ಇದನ್ನು ಮೊದಲು ಹೇಳಿದ್ದು ಯಾವಾಗ ಎಂದು ಕೇಳಿ ಊಟದ ರುಚಿ ಕೆಡಿಸುತ್ತಿದ್ದೆ. ಅದೇ ಪ್ರಶ್ನೆಗಳನ್ನು ನೀವು ನನಗೆ ಕೇಳಬಹುದು. ಉತ್ತರ ಇದ್ದಷ್ಟಕ್ಕೆ ಕೊಟ್ಟಿದ್ದೇನೆ. ಇಲ್ಲದ ಕಡೆ ಇಲ್ಲ ಎಂದಿದ್ದೇನೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡಬೇಕು. ಇದು ನಡೆದಾಗ ನಾನು ನಿಷ್ಪಕ್ಷಪಾತಿಯಾಗಿರಲಿಲ್ಲ. ಒಬ್ಬ ಮನುಷ್ಯನನ್ನು ನೂರು ಜನರ ಮುಂದೆ ನಾಚಿಕೆಯಿಂದ ತಲೆ ತಗ್ಗಿಸುವಂತೆ ಮಾಡಬೇಕು ಎಂಬ ಒಂದೇ ಆಸೆಯಿಂದ ಬದುಕುತ್ತಿದ್ದೆ.

ಮುನಿಯಪ್ಪ ಸರ್ ಚಾಮರಾಜಪೇಟೆಯಲ್ಲಿದ್ದಾರೆ. ಸರ್ಕಾರಿ ವರ್ಕ್‌ಶಾಪೊಂದರಲ್ಲಿ ವೈರ್‌ಲೆಸ್ ಸೆಟ್ಟುಗಳಿಗೆ ಕಾಯಿಲ್ ಸುತ್ತುವುದೇ ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಕೂತು ರೇಡಿಯೋ ಕಟ್ಟುತ್ತಿದ್ದರು. ಮನೆಯಲ್ಲಿದ್ದ ಹಳೆಯ ರೇಡಿಯೋ ಒಂದನ್ನು ರಿಪೇರಿಗೆ ಹಿಡಿದುಕೊಂಡು ಹೋದ ನಾನು ಅಲ್ಲೇ ಉಳಿದುಬಿಟ್ಟೆ. ಹನುಮಂತನಗರದಿಂದ ವಾರಕ್ಕೆ ಎರಡು ಸಂಜೆ ನಡೆದುಕೊಂಡೇ ಹೋಗುತ್ತಿದ್ದೆ. ಎಲ್ಲದಕ್ಕೂ ಎದುರು ಮಾತಾಡುತ್ತೇನೆಂದು ಅವರು ನನ್ನನ್ನು ಲಾಯರಮ್ಮ ಎಂದು ಕರೆಯುತ್ತಿದ್ದರು.

ಅವರದೊಂದು ಪದ್ಧತಿಯಿತ್ತು. ಮಾಮೂಲ್‌ಪೇಟೆಯಿಂದ ದಾರದ ಉಂಡೆಗಳೊಳಗಿನ ಖಾಲಿ ರಟ್ಟಿನ ಕೊಳವೆಗಳನ್ನು ತಂದು, ಮೇಣದಲ್ಲಿ ಅದ್ದಿ ಒಣಗಿಸಿ, ಅವುಗಳ ಮೇಲೆ ತಾಮ್ರದ ತಂತಿ ಸುತ್ತುತ್ತಿದ್ದರು. ಸುತ್ತಿದವರು ಎಷ್ಟು ಸುತ್ತು ಎಂಬುದನ್ನೂ ತಮ್ಮ ಹೆಸರನ್ನೂ ಒಂದು ಚೀಟಿಯಲ್ಲಿ ತಮ್ಮ ಕೈಯಲ್ಲೇ ಬರೆದು ಕೊಳವೆಯ ಒಳಗೆ ಅಂಟಿಸಬೇಕು. "ಕೆಟ್ಟಾಗ ಯಾರನ್ನ ಬೈಬೇಕು ಅಂತ ಗೊತ್ತಾಗ್ಬೇಕಲ್ಲಮ್ಮ" ಎನ್ನುತ್ತಿದ್ದರು. ಅವರ ಕೈಯಲ್ಲಿ ಸುತ್ತಿದ್ದು ಕೆಟ್ಟಿದ್ದನ್ನು ನಾನು ನೋಡಿರಲಿಲ್ಲ. ಮೊದಲ ತಿಂಗಳುಗಳಲ್ಲಿ ನಾನೂ ಏಳೆಂಟು ಕಾಯಿಲ್ ಸುತ್ತಿ, ತಂತಿಯ ತುದಿಗಳನ್ನು ಕೊಳವೆಯ ಪಿನ್ನುಗಳಿಗೆ ಬೆಸೆದಿದ್ದೆ. ಅಭ್ಯಾಸಕ್ಕೆ ಸುತ್ತಿದ್ದು, ಆಮೇಲೆ ಅವು ಏನಾದವೋ ಕೇಳಲಿಲ್ಲ.

ರೇಡಿಯೋ ಕಟ್ಟುವ ಹವ್ಯಾಸದವರದೊಂದು ಕೂಟ ಮಲ್ಲೇಶ್ವರದ ಒಂದು ಮಹಡಿ ಹಾಲಿನಲ್ಲಿ ಸೇರುತ್ತದೆ. ವರ್ಷಕ್ಕೊಮ್ಮೆ ಪ್ರದರ್ಶನ. ಪ್ರತಿ ಸೆಟ್ಟೂ ಎಲ್ಲರೆದುರು ಹತ್ತು ನಿಮಿಷ ತಡೆಯಿಲ್ಲದೆ ನುಡಿಯಬೇಕು, ಇಷ್ಟೇ ನಿಯಮ. ಕಾರ್ಯದರ್ಶಿ ರಮಾನಂದ. ಒಳ್ಳೆಯ ಮಾತುಗಾರರು. ಮೈಕು ಸಿಕ್ಕರೆ ಬಿಡುವವರಲ್ಲ. ಎರಡು ವರ್ಷ ಸತತವಾಗಿ ಜನ ಮುನಿಯಪ್ಪ ಸರ್ ಸೆಟ್ಟಿನ ಸುತ್ತ ನೆರೆದಿದ್ದರು. ರಮಾನಂದರ ಸೆಟ್ಟು ಪಕ್ಕದ ಮೇಜಿನಲ್ಲಿ ಒಂಟಿಯಾಗಿತ್ತು.

ಮೂರನೆಯ ವರ್ಷ ಸರ್ ಸೆಟ್ಟು ಹತ್ತು ನಿಮಿಷದಲ್ಲಿ ಮೂರು ಸಲ ನಿಂತಿತು. ಸಣ್ಣದೊಂದು ಟಿಕ್ ಎಂಬ ಸದ್ದು, ಸ್ಟೇಷನ್ ಮಾಯ, ಬರೀ ಸುಯ್ ಎನ್ನುವ ಗಾಳಿ. ಐದಾರು ಸೆಕೆಂಡಾದ ಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಹಾಡು ಮುಂದುವರಿಯುತ್ತಿತ್ತು. ಮೂರನೆಯ ಸಲ ನಿಂತಾಗ ರಮಾನಂದ ಮೈಕಿನಲ್ಲಿ ಹೇಳಿದರು: "ಮುನಿಯಪ್ಪನವರ ಸೆಟ್ ಮೌನವ್ರತದಲ್ಲಿದೆ. ಸರ್ಕಾರದವ್ರು ಅವರಿಗೆ ರಿಟೈರ್ಮೆಂಟ್ ಕೊಟ್ರು, ಅವರ ಕೈಗಳಿಗೂ ಕೊಡೋದು ಮರೆತ್ರು ಅಂತ ಕಾಣತ್ತೆ."

ಹಾಲಿನಲ್ಲಿದ್ದವರೆಲ್ಲ ನಕ್ಕರು. ಸರ್ ಕೂಡ ನಕ್ಕರು. ಆ ನಗೆಯನ್ನು ನಾನು ಕ್ಷಮಿಸಿಲ್ಲ. ಅವರದ್ದಲ್ಲ, ಹಾಲಿನದ್ದು.

ಅಂದಿನಿಂದ ಅವರು ಬೆಸುಗೆ ಹಾಕುವ ಐರನ್ ಮುಟ್ಟಲಿಲ್ಲ. ಎರಡು ವಾರ ಬಿಟ್ಟು ಹೋದಾಗ ಮುಂದಿನ ಕೋಣೆಯ ಮೇಜಿನ ಮೇಲೆ ಇಸ್ತ್ರಿಗೆ ಕೊಡುವ ಬಟ್ಟೆ ಪೇರಿಸಿತ್ತು. ಆ ಸೆಟ್ಟನ್ನು ಹಳೆಯ ಪಂಚೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. "ನೀನಿಟ್ಕಳಮ್ಮ. ನಂಗ್ಯಾಕೆ ಇನ್ನ" ಎಂದರು.

ಬಸ್ಸಿನಲ್ಲಿ ತೊಡೆಯ ಮೇಲೆ ಆ ಗಂಟನ್ನು ಇಟ್ಟುಕೊಂಡು ಬರುವಾಗಲೇ ನಾನು ಮೊಕದ್ದಮೆ ತಯಾರಿಸಿಬಿಟ್ಟೆ. ಪ್ರದರ್ಶನದ ಹಿಂದಿನ ಸಂಜೆ ಎಲ್ಲರ ಸೆಟ್ಟುಗಳೂ ಹಾಲಿನಲ್ಲೇ ಇದ್ದವು. ಬೀಗದ ಕೈ ರಮಾನಂದರ ಹತ್ತಿರ. ಹೊಟ್ಟೆಕಿಚ್ಚಿಗೆ ಎರಡು ವರ್ಷದ ಕಾರಣವಿತ್ತು. ಅಲುಗಾಡುವ ಒಂದು ಸಂಪರ್ಕ ಮಾಡಿಡುವಷ್ಟು ಕೈಚಳಕವೂ ಅವರಿಗಿತ್ತು. ಇನ್ನೇನು ಬೇಕು? ಮುಂದಿನ ಪ್ರದರ್ಶನದಲ್ಲಿ ಇದೇ ಸೆಟ್ಟನ್ನು ಹತ್ತು ನಿಮಿಷ ನುಡಿಸಿ, ಅದೇ ಮೈಕಿನಲ್ಲಿ ಏಳು ನಿಮಿಷ ಮಾತಾಡಿ, ಆ ಮನುಷ್ಯ ಇನ್ನೆಂದೂ ಮೈಕು ಹಿಡಿಯದಂತೆ ಮಾಡುತ್ತೇನೆ ಎಂದುಕೊಂಡೆ. ನನಗೆ ಬೇಕಾಗಿದ್ದುದು ಒಂದೇ ಸಾಕ್ಷಿ, ಅವರು ಕೈಯಾಡಿಸಿದ ಜಾಗ.

ಆ ಜಾಗ ಸಿಗಲಿಲ್ಲ. ಬರುತ್ತಾ ಹೋಗುತ್ತಾ ಇರುವ ದೋಷವನ್ನು ಹುಡುಕುವುದು ಎಂಥ ಹಿಂಸೆ ಎಂಬುದು ಮಾಡಿದವರಿಗೇ ಗೊತ್ತು. ನೋಡಲು ಕೂತಾಗ ಸೆಟ್ಟು ಒಳ್ಳೆಯ ಮಗುವಿನ ಹಾಗೆ ಹಾಡುತ್ತದೆ. ಪೆನ್ಸಿಲಿನಿಂದ ಒಂದೊಂದು ಭಾಗವನ್ನೂ ತಟ್ಟಿದೆ. ಕೂದಲು ಒಣಗಿಸುವ ಡ್ರೈಯರಿನಿಂದ ಬಿಸಿ ಮಾಡಿದೆ. ಬಟ್ಟೆಯಲ್ಲಿ ಐಸ್ ಕಟ್ಟಿ ತಣ್ಣಗೆ ಮಾಡಿದೆ. ಅಡಚಣೆ ಅವುಗಳಿಂದಿರಬಹುದೆಂದು ಮನೆಯ ಚಾರ್ಜರುಗಳನ್ನೆಲ್ಲ ಕಿತ್ತು ಅಮ್ಮನಿಂದ ಬೈಸಿಕೊಂಡೆ. ಬ್ಯಾಂಡ್ ಸ್ವಿಚ್ಚು ಬದಲಾಯಿಸಿದೆ, ವಾಲ್ಯೂಮು ಬದಲಾಯಿಸಿದೆ, ಕಾಯಿಲ್ ಒಂದನ್ನು ಬಿಟ್ಟು ಉಳಿದ ಎಲ್ಲ ಬೆಸುಗೆಯನ್ನೂ ಹೊಸದಾಗಿ ಹಾಕಿದೆ. ಕಾಯಿಲ್ ಮುಟ್ಟಲಿಲ್ಲ. ಅದು ಮುನಿಯಪ್ಪ ಸರ್ ಕಾಯಿಲ್, ಅದು ಕೆಡುವುದಿಲ್ಲ. ಎಲ್ಲರ ನಂಬಿಕೆಯನ್ನೂ ಪ್ರಶ್ನಿಸುತ್ತಿದ್ದ ನನ್ನ ತಲೆಯಲ್ಲಿ ಈ ನಂಬಿಕೆ ಕೂತಿದ್ದು ನನಗೇ ಗೊತ್ತಿರಲಿಲ್ಲ.

ದಿನವೂ ಸಂಜೆ ಸೆಟ್ಟನ್ನು ಹಚ್ಚಿಟ್ಟು ಕನ್ನಡಿಯ ಮುಂದೆ ಭಾಷಣ ಅಭ್ಯಾಸ ಮಾಡುತ್ತಿದ್ದೆ. ನಾಲ್ಕನೆಯ ದಿನವೋ ಐದನೆಯ ದಿನವೋ ಗಮನಿಸಿದೆ. ಏಳು ನಿಮಿಷದ ಭಾಷಣದಲ್ಲಿ ಸೆಟ್ಟು ಒಂದೇ ಸಲ ನಿಲ್ಲುತ್ತದೆ, ಅದೂ ಒಂದೇ ಕಡೆ. "ಆ ಸೆಟ್ ಕೆಡಿಸಿದ್ದು ರಮಾನಂದ" ಎಂಬಲ್ಲಿ. ಟಿಕ್. ಸುಯ್.

ದನಿ ಏರಿಸುತ್ತೇನಲ್ಲ, ಆ ಕಂಪನಕ್ಕೆ ಎಲ್ಲೋ ಅಲುಗುತ್ತಿದೆ ಎಂದುಕೊಂಡೆ. ಖುಷಿಯೇ ಆಯಿತು, ದೋಷ ಕೈಗೆ ಸಿಗುತ್ತಿದೆ ಎಂದು. ಅಷ್ಟೇ ಜೋರಾಗಿ ದಿನಪತ್ರಿಕೆಯ ಅಡುಗೆ ಪುಟ ಓದಿದೆ. ನಿಲ್ಲಲಿಲ್ಲ. ಆ ವಾಕ್ಯವನ್ನು ಪಿಸುಮಾತಿನಲ್ಲಿ ಹೇಳಿದೆ. ನಿಂತಿತು.

ಇಂಥ ಹೊತ್ತಿನಲ್ಲಿ ಮನುಷ್ಯ ತನಗೆ ಬೇಕಾದ್ದನ್ನೇ ಎಣಿಸುತ್ತಾನೆ, ಹೊಂದಿದ್ದನ್ನು ನೆನಪಿಟ್ಟು ಹೊಂದದ್ದನ್ನು ಮರೆಯುತ್ತಾನೆ ಎಂದು ವೇದಿಕೆಗಳ ಮೇಲೆ ನಿಂತು ಹೇಳಿದವಳು ನಾನು. ಅದಕ್ಕೇ ಶಶಿಗೆ ಫೋನು ಮಾಡಿದೆ. ಶಶಿ ನಮ್ಮ ಚರ್ಚಾ ತಂಡದಲ್ಲಿದ್ದವನು. ಮತ್ತಿಕೆರೆಯ ಪೀಜಿಯೊಂದರಲ್ಲಿದ್ದ. ನನಗಿಂತ ದೊಡ್ಡ ನಾಸ್ತಿಕ. ಶನಿವಾರ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ ಬಂದ.

ಒಂಬತ್ತು ಚೀಟಿ ಮಾಡಿದೆ. ಮೂರರಲ್ಲಿ ಆ ವಾಕ್ಯ, ಉಳಿದ ಆರರಲ್ಲಿ ಅಷ್ಟೇ ಉದ್ದದ ಬೇರೆ ಬೇರೆ ವಾಕ್ಯಗಳು. ಮಡಚಿ ಡಬ್ಬಿಯಲ್ಲಿ ಕಲಸಿ ಅವನಿಗೆ ಕೊಟ್ಟೆ. ಅವನು ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಸೆಟ್ಟಿನ ಮುಂದೆ ಕೂತು, ಮೂರು ನಿಮಿಷಕ್ಕೊಂದರಂತೆ ಎತ್ತಿ ಓದಬೇಕು, ಗಡಿಯಾರ ನೋಡಿ ಬರೆದುಕೊಳ್ಳಬೇಕು. ನಾನು ನಮ್ಮ ಮನೆಯ ಹಾಲಿನಲ್ಲಿ ಕೂತು, ಸೆಟ್ಟಿನಿಂದ ಎಳೆದ ಉದ್ದನೆಯ ವೈರಿನ ಇಯರ್‌ಫೋನು ಕಿವಿಗೆ ಹಾಕಿ, ನಿಂತ ಹೊತ್ತನ್ನು ಬರೆದುಕೊಳ್ಳಬೇಕು. ಅವನ ದನಿ ನನಗೆ ಕೇಳುತ್ತಿರಲಿಲ್ಲ. ಬೀದಿಯಲ್ಲಿ ಸೊಪ್ಪಿನವನ ಧ್ವನಿವರ್ಧಕ ಮಾತ್ರ ಮಧ್ಯೆ ಮಧ್ಯೆ ಕೇಳುತ್ತಿತ್ತು.

ಸೆಟ್ಟು ಮೂರು ಸಲ ನಿಂತಿತು. ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟೆವು. ಮೂರೂ ಆ ವಾಕ್ಯದ ಹೊತ್ತಿಗೇ. ಉಳಿದ ಆರಕ್ಕೆ ಒಮ್ಮೆಯೂ ಇಲ್ಲ.

ಶಶಿ ತುಂಬ ಹೊತ್ತು ಹಾಳೆ ನೋಡಿದ. "ಮಗಾ, ಇದು ಹೆಸರಿನ ಪ್ರಾಬ್ಲಂ ಇರ್ಬೇಕು. 'ರಮಾನಂದ' ಅನ್ನೋ ಸೌಂಡಿಗೆ ಏನೋ ಅಲುಗ್ತಿದೆ" ಎಂದ. ಇಬ್ಬರೂ ಸೆಟ್ಟಿನ ಮುಂದೆ ಕೂತೆವು. ಅವನು ಗಂಟಲು ಸರಿಮಾಡಿಕೊಂಡು, "ರಮಾನಂದ ಅವತ್ತು ಮೈಕಲ್ಲಿ ಮುನಿಯಪ್ಪನವರ ಕೈಯನ್ನ ಗೇಲಿ ಮಾಡಿದ್ರು" ಎಂದ. ಹಾಡು ಹಾಗೇ ನಡೆಯಿತು. ಹೆಸರಿನದಲ್ಲ. "ಆ ಸೆಟ್ ಕೆಡಿಸಿದ್ದು ಶಶಿ" ಎಂದ. ಟಿಕ್. ಸುಯ್.

"ಆ ಸೆಟ್ ಕೆಡಿಸಿದ್ದು ನಿಮ್ ಪಕ್ಕದ್ಮನೆ ಬೆಕ್ಕು" ಎಂದ. ನಿಂತಿತು. ನಾವಿಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಕೋಣೆಯಲ್ಲಿ ಕೂರುವುದು ಸ್ವಲ್ಪ ಕಷ್ಟವಾಯಿತು.

ಆಮೇಲೆ ಅವನು ಮೆಲ್ಲಗೆ, ನನ್ನ ಮುಖ ನೋಡದೆ, ಕೆಡಿಸಿದ್ದು ಮುನಿಯಪ್ಪನವರೇ ಎಂದುಬಿಟ್ಟ. ಹಾಗನ್ನಲು ನಿನಗೆ ಬಾಯಿ ಹೇಗೆ ಬಂತು ಎಂದು ನಾನು ರೇಗುವಷ್ಟರಲ್ಲಿ ಸೆಟ್ಟು ನಿಂತೇ ಬಿಟ್ಟಿತ್ತು.

"ಸರಿ, ಅವರೂ ಅಲ್ವಂತೆ" ಎಂದ ಶಶಿ. ಹಾಡು ಮತ್ತೆ ಶುರುವಾದ ಮೇಲೆ ಕೇಳಿದ: "ಇನ್ನ್ಯಾರು ಉಳಿದ್ರು, ಗುರು?"

ನನಗೆ ಸಿಟ್ಟು ಬಂತು. ರೇಡಿಯೋ ಸಾಕ್ಷಿ ಹೇಳುತ್ತದೆಂದು ನೀನೂ ನಂಬುತ್ತೀಯಾ, ಮನೆಗೆ ಹೋಗು ಎಂದೆ. ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಾ, ನಂಬೋದಿಲ್ಲ, ಆದರೆ ನೀನು ಇನ್ನೂ ತೆಗೆದು ನೋಡದಿರೋ ಪಾರ್ಟು ಒಂದೇ ಇದೆ ಅಂತ ನೀನೇ ಹೇಳಿದ್ಯಲ್ಲ, ಅದನ್ನ ನೋಡು ಎಂದು ಹೊರಟುಹೋದ.

ನೋಡಿದೆ. ಸೆಟ್ಟನ್ನು ಆರಿಸಲೂ ಇಲ್ಲ. ಟಾರ್ಚು ಹಿಡಿದು ಕೊಳವೆಯೊಳಗೆ ಬಗ್ಗಿದೆ. ಕೈ ಹತ್ತಿರ ಬಂದಾಗ ಸ್ಟೇಷನ್ ಒಂಚೂರು ಸರಿದು ಮತ್ತೆ ಬಂತು. ಒಳಗೆ ಮೇಣದಲ್ಲಿ ಅಂಟಿದ್ದ ಚೀಟಿಯನ್ನು ಚಿಮಟದಿಂದ ಬಿಡಿಸಿ ಬೆಳಕಿಗೆ ಹಿಡಿದೆ. ತೊಂಬತ್ತೆರಡು ಸುತ್ತು ಎಂದಿತ್ತು. ಕೆಳಗೆ ನನ್ನ ಹೆಸರಿತ್ತು. ನನ್ನದೇ ಅಕ್ಷರ. ಹೊಸದಾಗಿ ಕಲಿಯುತ್ತಿದ್ದವಳ ಜಂಭಕ್ಕೆ ಹೆಸರಿನ ಅಡಿಯಲ್ಲಿ ಗೆರೆ ಬೇರೆ ಎಳೆದಿದ್ದೆ.

ಚೀಟಿಯನ್ನು ಸೆಟ್ಟಿನ ಮುಂದೆ ಇಟ್ಟೆ. ಯಾಕೆ ಹೇಳಿದೆನೋ ಗೊತ್ತಿಲ್ಲ, ಹೇಳಿದ್ದು ಮಾತ್ರ ನಿಜ: "ಆ ಸೆಟ್ ಕೆಡಿಸಿದ್ದು ನಾನು."

ಹಾಡು ನಿಲ್ಲಲಿಲ್ಲ. ಮತ್ತೆ ಹೇಳಿದೆ. ಜೋರಾಗಿ, ಮೆಲ್ಲಗೆ, ಸೆಟ್ಟಿಗೆ ಬೆನ್ನು ಮಾಡಿ. ನಿಲ್ಲಲಿಲ್ಲ. ಎದುರಿಗೆ ಗಡಿಯಾರವಿಟ್ಟುಕೊಂಡು ಹತ್ತು ನಿಮಿಷ ನೋಡಿದೆ. ಹತ್ತೂ ನಿಮಿಷ ತಡೆಯಿಲ್ಲದೆ ನುಡಿಯಿತು.

ಆಮೇಲೆ ಆರಿಸಿ, ಕಾಯಿಲಿನ ತುದಿಯನ್ನು ಬೆಸುಗೆಯಿಂದ ಬಿಡಿಸಿದೆ. ತಾಮ್ರದ ತಂತಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ, ಕರೆಂಟು ಹಾಯಲು ಬಿಡದ ವಾರ್ನಿಷ್ ಇರುತ್ತದೆ. ಬೆಸೆಯುವ ಮೊದಲು ಬ್ಲೇಡಿನಿಂದ ಸುತ್ತಲೂ ಕೆರೆಯಬೇಕು. ಹೊಸಬರು ಮೇಲಿನ ಮಗ್ಗುಲನ್ನಷ್ಟೇ ಕೆರೆದು ಬಿಡುತ್ತಾರೆ. ಸೀಸ ದುಂಡಗೆ ಕೂರುತ್ತದೆ, ನೋಡಲು ಮುದ್ದಾಗಿರುತ್ತದೆ, ಒಳಗೆ ತಂತಿ ಹಿಡಿದೂ ಹಿಡಿಯದ ಹಾಗಿರುತ್ತದೆ. ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತದೆ. ನನ್ನ ತಂತಿಯ ಕೆಳ ಮಗ್ಗುಲು ಹೊಸದರಂತೆ ಫಳಫಳ ಹೊಳೆಯುತ್ತಿತ್ತು. ವಾರ್ನಿಷ್ ಹಾಗೇ ಇತ್ತು.

ಆ ಸಂಜೆಯೇ ಸೆಟ್ಟನ್ನು ಹಿಡಿದುಕೊಂಡು ಚಾಮರಾಜಪೇಟೆಗೆ ಹೋದೆ. ಚೀಟಿಯನ್ನು ಸರ್ ಮುಂದಿಟ್ಟೆ. ಅವರು ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ.

"ಸಿಕ್ತಾ" ಎಂದರು.

ನಿಮಗೆ ಗೊತ್ತಿತ್ತೇ ಎಂದೆ. ಹಾಲಿನಲ್ಲಿ ಮೊದಲ ಸಲ ಆ ಟಿಕ್ ಕೇಳಿದಾಗಲೇ ಗೊತ್ತಾಯಿತಂತೆ. ಮೂವತ್ತು ವರ್ಷ ಕೇಳಿದ ಸದ್ದು ಅದು. ನನ್ನ ಕಾಯಿಲುಗಳಲ್ಲಿ ಅದೊಂದು ಒಳ್ಳೆಯದಾಗಿ ಬಂದಿತ್ತೆಂದು ಎತ್ತಿಟ್ಟಿದ್ದರಂತೆ. ಮನೆಯಲ್ಲಿ ಒಂದು ತಿಂಗಳು ನುಡಿಸಿ ನೋಡಿದ್ದರಂತೆ. ಹತ್ತು ನಿಮಿಷ ಮುಗಿದ ಮೇಲೆ ಎಲ್ಲರೆದುರು ನನ್ನನ್ನು ಮುಂದೆ ಕರೆದು, ಇದು ಈ ಹುಡುಗಿಯ ಕೈಯದು ಎಂದು ಹೇಳಬೇಕೆಂದಿದ್ದರಂತೆ.

"ಹಾಗಿದ್ರೆ ಅವರು ನಕ್ಕಾಗ ಯಾಕೆ ಸುಮ್ನಿದ್ರಿ ಸರ್?"

"ನಿನ್ನ ಹೆಸರು ಹೇಳಿದ್ರೆ ಆ ನಗು ನಿನ್ ಕಡೆ ತಿರುಗ್ತಿತ್ತು. ನೀನು ಇನ್ನೊಂದ್ಸಲ ಐರನ್ ಮುಟ್ತಿದ್ಯಾ?" ಎಂದರು. ಚೀಟಿಯನ್ನು ನನ್ನ ಕಡೆ ಸರಿಸಿ, "ನೀನೇ ಹುಡುಕ್ಲಿ ಅಂತ ಸೆಟ್ ಕೊಟ್ಟೆ. ಇಷ್ಟು ದಿನ ತೊಗೊಂಡ್ಯಲ್ಲ, ಲಾಯರಮ್ಮ. ಮೊದಲು ನೋಡೋದು ಕಾಯಿಲ್ ತುದಿ ಅಂತ ಎಷ್ಟು ಸಲ ಹೇಳಿದ್ದೆ?"

ಆಮೇಲೆ ಅವರಾಗಿಯೇ ಇನ್ನೊಂದು ಮಾತು ಹೇಳಿದರು. ಆ ದಿನ ಮೇಜಿನ ಹತ್ತಿರ ಬಂದು, ಕಾಯಿಲ್ ಚೆನ್ನಾಗಿದೆ, ಯಾರು ಸುತ್ತಿದ್ದು ಎಂದು ರಮಾನಂದ ಕೇಳಿದ್ದರಂತೆ. "ಆಮೇಲೆ ಹೇಳಣ ಅಂತ, ಸದ್ಯಕ್ಕೆ ನಂದೇ ಅಂದೆ. ಆಗ್ಲೇ ನೋಡು, ಮೊದಲ್ನೇ ಸಲ ನಿಂತಿದ್ದು."

ಮಧ್ಯಾಹ್ನದ ಚೀಟಿಗಳ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಆಗಲೂ ಹೇಳಲಿಲ್ಲ.

ಅವರೆದುರೇ ಕೂತು ತಂತಿಯ ತುದಿಯನ್ನು ಸುತ್ತಲೂ ಕೆರೆದು ಹೊಸದಾಗಿ ಬೆಸೆದೆ. ಸರ್ ಬೆರಳಿನಿಂದ ಎಳೆದು ನೋಡಿ ಸರಿ ಎಂದರು.

ಮುಂದಿನ ಪ್ರದರ್ಶನಕ್ಕೆ ಅವರನ್ನು ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಸೆಟ್ಟು ಮೇಜಿನ ಮೇಲೆ ನುಡಿಯುತ್ತಿತ್ತು. ಮೈಕು ಕೇಳಿ ಪಡೆದೆ. ಏಳು ನಿಮಿಷ ಬೇಕಾಗಲಿಲ್ಲ. ಹೋದ ವರ್ಷ ಕೆಟ್ಟದ್ದು ನನ್ನ ಬೆಸುಗೆ, ಮುನಿಯಪ್ಪನವರದಲ್ಲ ಎಂದೆ. ಯಾರೋ ಕೆಡಿಸಿದರೆಂದು ನಾನು ಒಬ್ಬರನ್ನು ಮನಸ್ಸಿನಲ್ಲಿ ದೂರಿದ್ದೆ, ಆ ದೂರು ವಾಪಸು ತೆಗೆದುಕೊಂಡಿದ್ದೇನೆ ಎಂದೆ. ಆಮೇಲೆ ರಮಾನಂದರ ಕಡೆ ತಿರುಗಿ, ಇನ್ನೊಂದು ದೂರು ಮಾತ್ರ ವಾಪಸು ತೆಗೆದುಕೊಳ್ಳುವುದಿಲ್ಲ ಎಂದೆ. "ಮೂವತ್ತು ವರ್ಷ ಕೆಲಸ ಮಾಡಿದ ಕೈಯನ್ನು ನೀವು ಈ ಮೈಕಿನಲ್ಲಿ ನಗೆಪಾಟಲು ಮಾಡಿದಿರಿ. ಬೇಕೆಂದೇ ಮಾಡಿದಿರಿ. ಎರಡು ವರ್ಷದ ಹೊಟ್ಟೆಕಿಚ್ಚು ತೀರಿಸಿಕೊಂಡಿರಿ."

ಜನರೆಲ್ಲ ರಮಾನಂದರ ಕಡೆ ತಿರುಗಿದರು. ನಾನು ಕಾದಿದ್ದ ಗಳಿಗೆ ಅದು. ರಮಾನಂದರ ಮುಖ ಕೆಂಪಗಾಯಿತು. ಸುಳ್ಳು ಹೇಳುವುದಿಲ್ಲ, ನನಗೆ ಸುಖವಾಯಿತು. ಅವರು ಎದ್ದು, ಮೈಕು ತೆಗೆದುಕೊಳ್ಳದೆ, ಸರ್ ಹತ್ತಿರ ಹೋಗಿ ಕೈ ಹಿಡಿದುಕೊಂಡರು. "ಮುನಿಯಪ್ಪನವರೇ, ಬಾಯಿಗೆ ಬಂತು, ಅಂದ್ಬಿಟ್ಟೆ. ತಪ್ಪೇ. ಆದರೆ ನಿಮ್ಮನ್ನ ನೋಯಿಸ್ಬೇಕು ಅಂತ ನನ್ನ ಮನಸ್ಸಲ್ಲಿ ಇರ್ಲಿಲ್ಲ."

ನಾನು ಅವರ ಮುಖ ನೋಡಲಿಲ್ಲ. ಸೆಟ್ಟನ್ನು ನೋಡಿದೆ. ಹಿಂದಿನ ಸಾಲಿನಲ್ಲಿದ್ದ ಶಶಿಯೂ ಸೆಟ್ಟನ್ನೇ ನೋಡುತ್ತಿದ್ದ. ಏನೂ ಗೊತ್ತಿರದ ಸರ್ ಕೂಡ, ಯಾಕೋ, ಅದರ ಕಡೆಗೇ ತಿರುಗಿದ್ದರು.

ಅದು ನುಡಿಯುತ್ತಲೇ ಇತ್ತು.

ಇದರಿಂದ ಏನು ಸಾಬೀತಾಯಿತು? ಏನೂ ಇಲ್ಲ. ಬೆಸುಗೆ ಸರಿಹೋದ ಸೆಟ್ಟು ನಿಲ್ಲುವುದಿಲ್ಲ, ಅದರ ಮುಂದೆ ಯಾರು ಏನು ಹೇಳಿದರೂ ಅಷ್ಟೇ. ರಮಾನಂದ ನಿಜ ಹೇಳಿದರೋ, ನಾನು ಸಾಕ್ಷಿಯ ಬಾಯಿ ಕಟ್ಟಿ ಕರೆತಂದಿದ್ದೆನೋ ಹೇಳಲಾರೆ. ಶನಿವಾರದ ಎರಡು ಹಾಳೆಗಳು ಇನ್ನೂ ನನ್ನ ಹತ್ತಿರ ಇವೆ. ಒಂಬತ್ತೇ ಚೀಟಿ, ಅದೂ ನಾನೇ ಬರೆದದ್ದು, ಇಬ್ಬರೇ ಜನ. ಎದುರು ಪಕ್ಷದಲ್ಲಿದ್ದಿದ್ದರೆ ಈ ಪ್ರಯೋಗವನ್ನು ಎರಡು ನಿಮಿಷದಲ್ಲಿ ಚಿಂದಿ ಮಾಡುತ್ತಿದ್ದೆ. ಮಾಡಿಯೂ ನೋಡಿದ್ದೇನೆ, ಹಲವು ಸಲ. ಆದರೂ ಮೂರಕ್ಕೆ ಮೂರು ಎಂಬುದು ಹಾಗೇ ಉಳಿಯುತ್ತದೆ. ಕೊನೆಯಲ್ಲಿ ನಾನೇ ಹೇಳಿದ ಮಾತಿಗೆ ಅದು ನಿಲ್ಲದೆ ಹೋದದ್ದೂ ಉಳಿಯುತ್ತದೆ.

ಸರ್ ಈಗ ಮತ್ತೆ ರೇಡಿಯೋ ಕಟ್ಟುತ್ತಿದ್ದಾರೆ. ರಮಾನಂದ ಅವರ ಮನೆಗೆ ಕಾಫಿಗೆ ಬರುತ್ತಾರೆ. ಇಬ್ಬರೂ ನಗುತ್ತಾರೆ. ನಾನಿದ್ದರೆ ಎದ್ದು ಹೊರಗೆ ಬರುತ್ತೇನೆ. ಸರ್ ಕ್ಷಮಿಸಿದ್ದಾರೆ, ಅದು ಅವರ ಹಕ್ಕು. ನನ್ನ ಸಿಟ್ಟು ಇನ್ನೂ ಆರಿಲ್ಲ.

ಹೋದ ತಿಂಗಳು ಒಂದು ಕೆಲಸ ಮಾಡಿದೆ. ರಟ್ಟಿನ ಕೊಳವೆಯೊಂದರ ಮೇಲೆ ತೊಂಬತ್ತೆರಡು ಸುತ್ತು ಸುತ್ತಿ, ತುದಿಯನ್ನು ಮೇಲಿನ ಮಗ್ಗುಲಲ್ಲಿ ಮಾತ್ರ ಕೆರೆದು, ಮುದ್ದಾಗಿ ಬೆಸೆದು, ಒಳಗೆ ಚೀಟಿ ಅಂಟಿಸಿದೆ. ಸೆಟ್ಟಿಗೆ ಹಾಕಲು ಐದು ನಿಮಿಷ ಸಾಕು. ಆಮೇಲೆ ರಮಾನಂದರನ್ನು ಅದರ ಮುಂದೆ ಕೂರಿಸಿ ಅವತ್ತು ನೋಯಿಸಬೇಕೆಂದೇ ಅಂದಿರಾ ಎಂದು ಕೇಳಬೇಕು. ಹಾಗೆ ಕೇಳಿದ ದಿನ ನಾನು ಇದನ್ನೆಲ್ಲ ನಂಬುತ್ತೇನೆಂದು ಒಪ್ಪಿಕೊಂಡ ಹಾಗೆ.

ಕಾಯಿಲ್ ಮೇಜಿನ ಡ್ರಾಯರಿನಲ್ಲಿದೆ. ಎಸೆದಿಲ್ಲ.